ಅಮೆರಿಕದಲ್ಲಿ ಅಪಘಾತವಾದರೆ: ವಕೀಲರ ಕಾಗದಕ್ಕೆ ಸಹಿ ಹಾಕುವ ಮೊದಲು

ಮಂಗಳೂರಲ್ಲಾಗಲಿ ಉಡುಪಿಯಲ್ಲಾಗಲಿ ಯಾರೂ ಜಾಹೀರಾತು ನೋಡಿ ವಕೀಲರನ್ನು ಹಿಡಿಯುವುದಿಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ಪರಿಹಾರದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವ ಹಾಗೂ ಇಲ್ಲ. ಅಮೆರಿಕದಲ್ಲಿ ಎರಡಕ್ಕೂ ಅವಕಾಶ ಉಂಟು. ಹೆದ್ದಾರಿ ಬದಿಯ ಫಲಕದಲ್ಲಿ ವಕೀಲರ ದೊಡ್ಡ ಮುಖ, ಕೆಳಗೆ ‘ಗೆದ್ದರೆ ಮಾತ್ರ ಫೀಸು’. ಮಗಳ ಬಾಣಂತನಕ್ಕೆಂದು ಉಡುಪಿಯಿಂದ ಹೋದ ಅಮ್ಮನಿಗೆ ರಸ್ತೆ ದಾಟುವಾಗ ಕಾರು ಬಡಿದಾಗ ಆ ಫಲಕವೇ ಮೊದಲು ನೆನಪಾಗುತ್ತದೆ. ಆದರೆ ಫಲಕದ ಮುಖ ನಿಮ್ಮ ಫೈಲನ್ನು ಮುಟ್ಟದೆಯೇ ಇರಬಹುದು. ಹಾಗಾಗಿ ಮೊದಲ ಪ್ರಶ್ನೆ ಇದು: ನಮ್ಮ ಕೇಸು ನೋಡುವವರು ಯಾರು? ಅವರು ಕೋರ್ಟಿನಲ್ಲಿ ವಿಚಾರಣೆ ನಡೆಸಿದ್ದುಂಟಾ?

ಎಲ್ಲದಕ್ಕೂ ವಕೀಲರು ಬೇಕಾಗಿಲ್ಲ. ಬಂಪರ್ ಮಾತ್ರ ಜಜ್ಜಿ, ಮೈಗೆ ಏನೂ ಆಗದಿದ್ದರೆ ವಿಮಾ ಕಂಪನಿಯೊಂದಿಗೆ ನೀವೇ ಮಾತಾಡಿ ಮುಗಿಸಬಹುದು. ಮೂಳೆ ಮುರಿದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ತಪ್ಪು ಯಾರದ್ದೆಂಬ ತಕರಾರಿದ್ದರೆ ವಕೀಲರು ಬೇಕು. ಅಲ್ಲಿಯವರೆಗೆ ಎದುರು ಪಾರ್ಟಿಯ ವಿಮಾ ಕಂಪನಿ ಫೋನ್ ಮಾಡಿ ಹೇಳಿಕೆ ರೆಕಾರ್ಡ್ ಮಾಡುತ್ತೇವೆ ಎಂದರೆ ಒಪ್ಪಬೇಕೆಂದೇನಿಲ್ಲ. ‘ಪರವಾಗಿಲ್ಲ, ಎಂತ ಆಗ್ಲಿಲ್ಲ’ ಎಂದು ನೋವು ನುಂಗಿ ಹೇಳುವುದು ನಮ್ಮವರ ಅಭ್ಯಾಸ. ಆ ಮಾತೇ ಆಮೇಲೆ ನಮ್ಮ ವಿರುದ್ಧ ಬರುತ್ತದೆ. ನಿಮ್ಮದೇ ವಿಮಾ ಕಂಪನಿಗೆ ಮಾತ್ರ ತಡಮಾಡದೆ ತಿಳಿಸಿ.

ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಹೆಸರುಗಳು ಬೇಕಾದಷ್ಟು ಬರುತ್ತವೆ. ಅದರಲ್ಲಿ ಅರ್ಧ ವೀಸಾ ವಕೀಲರದ್ದು, ಉಳಿದರ್ಧ ಮನೆ ಖರೀದಿಯ ಕಾಗದ ಮಾಡಿಸಿದವರದ್ದು ಆಗಿದ್ದರೆ ಆಶ್ಚರ್ಯವಿಲ್ಲ. ಅಪಘಾತದ ಕೇಸು ಬೇರೆಯೇ ಕಸುಬು ಮಾರಾಯ್ರೆ. ಹೆಸರು ಸಿಕ್ಕಿದ ಮೇಲೆ ಆ ರಾಜ್ಯದ ಬಾರ್ ಅಥವಾ ಕೋರ್ಟಿನ ಜಾಲತಾಣದಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಆಗಿದೆಯೇ ಎಂದು ನೋಡಿ. ಆಸ್ಪತ್ರೆಗೇ ಹುಡುಕಿಕೊಂಡು ಬಂದು ‘ಇಂಥ ವಕೀಲರಿಗೆ ಕೊಡಿ’ ಎನ್ನುವವರನ್ನು ದೂರ ಇಡಿ. ಹಾಗೆ ಕೇಸು ಹಿಡಿಯುವುದು ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಅಪರಾಧ.

ಇನ್ನು ಫೀಸು. ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು; ದಾವೆ ಹೂಡಿದರೆ ಶೇ. 40ಕ್ಕೆ ಏರುವುದೂ ಉಂಟು. ಶೇಕಡಾ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಯಾವುದರ ಮೇಲೆ ಎಂದು ಕೇಳುವವರು ಕಡಿಮೆ. 90,000 ಡಾಲರಿಗೆ ರಾಜಿಯಾಯಿತು, ದಾಖಲೆ, ತಜ್ಞ ವೈದ್ಯರು ಇತ್ಯಾದಿ ಖರ್ಚು 6,000 ಎನ್ನೋಣ. ಒಟ್ಟು ಮೊತ್ತದ ಮೇಲೆ ಫೀಸು ಹಾಕಿದರೆ 30,000. ಖರ್ಚು ಕಳೆದ ಮೇಲೆ ಹಾಕಿದರೆ 28,000. ಚಿಕಿತ್ಸೆಗೆ ಹಣ ಕೊಟ್ಟ ವಿಮಾ ಕಂಪನಿ ಅಥವಾ ಆಸ್ಪತ್ರೆ 20,000 ವಾಪಸು ಕೇಳಿದರೆ ನಿಮ್ಮ ಕೈಗೆ ಬರುವುದು 34,000 ಅಥವಾ 36,000. ಈ ವಾಪಸಾತಿಯನ್ನು ಚೌಕಾಸಿ ಮಾಡಿ ಇಳಿಸುವ ಕೆಲಸ ನೀವು ಮಾಡುತ್ತೀರಾ ಎಂದು ವಕೀಲರನ್ನು ಕೇಳಿ. ಸೋತರೆ ಫೀಸು ಇಲ್ಲ, ಸರಿ. ಆದರೆ ಆ 6,000 ಯಾರ ತಲೆಗೆ? ಉತ್ತರ ಕರಾರಿನಲ್ಲೇ ಇರಬೇಕು.

ವಕೀಲರನ್ನು ಅಳೆಯಲು ನನ್ನದೊಂದು ಪರೀಕ್ಷೆ ಉಂಟು. ಕ್ಯಾಲಿಫೋರ್ನಿಯಾದಲ್ಲಿ ಕಾರಿನವರು ಮಾಡಿಸಲೇಬೇಕಾದ ವಿಮೆ, 2025ರಲ್ಲಿ ಏರಿಸಿದ ಮೇಲೂ, ಗಾಯಗೊಂಡ ಒಬ್ಬರಿಗೆ 30,000 ಡಾಲರ್ ಅಷ್ಟೇ. ಗುದ್ದಿದವನಲ್ಲಿ ಅಷ್ಟೇ ಇದ್ದರೆ ಉಳಿದದ್ದು ಎಲ್ಲಿಂದ? ಅಮ್ಮ ಮಗಳ ಕಾರಿನಲ್ಲಿ ಕೂತಿದ್ದಾಗ ಪೆಟ್ಟಾಗಿದ್ದರೆ, ಎದುರಿನವನ ವಿಮೆ ಸಾಲದಿದ್ದಾಗ ಒದಗುವ ಭಾಗ ಮಗಳ ಪಾಲಿಸಿಯಲ್ಲಿ ಇರಬಹುದು. ಮೊದಲ ಭೇಟಿಯಲ್ಲೇ ‘ನಿಮ್ಮ ಪಾಲಿಸಿ ತೋರಿಸಿ’ ಎನ್ನುವವರಿಗೆ ಕೆಲಸ ಗೊತ್ತುಂಟು. ಪಾಲಿಸಿ ನೋಡುವ ಮೊದಲೇ ಇಷ್ಟು ಲಕ್ಷ ಕೊಡಿಸುತ್ತೇನೆ ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ದಾವೆ ಹೂಡಲು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 2 ವರ್ಷ, ನ್ಯೂಯಾರ್ಕಿನಲ್ಲಿ 3. ಗುದ್ದಿದ್ದು ಸರ್ಕಾರಿ ಬಸ್ಸಾದರೆ ವರ್ಷಗಟ್ಟಲೆ ಕಾಯುವ ಹಾಗಿಲ್ಲ: ನ್ಯೂಜೆರ್ಸಿಯಲ್ಲಿ 90 ದಿನ, ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕು. ನಾರ್ತ್ ಕೆರೊಲಿನಾ, ವರ್ಜೀನಿಯಾದಲ್ಲಿ ತಪ್ಪಿನಲ್ಲಿ ನಿಮ್ಮದೂ ಚೂರು ಪಾಲಿದ್ದರೆ ಪೂರ್ತಿ ಪರಿಹಾರವೇ ಕೈತಪ್ಪಬಹುದು.

ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನೂ ಪರಿಹಾರ ಕೇಳಬಹುದು. ಪೆಟ್ಟಾದದ್ದು ಅಮ್ಮನಿಗಾದರೆ ಕಕ್ಷಿದಾರರು ಅಮ್ಮನೇ; ಫೋನಿನಲ್ಲಿ ಮಾತಾಡುವ ಮಗ ಅಲ್ಲ. ರಾಜಿಗೆ ಒಪ್ಪುವ ನಿರ್ಧಾರವೂ ಅವರದ್ದು. ಕೇಸು ಮುಗಿಯುವ ಮೊದಲೇ ಅವರು ಊರಿಗೆ ಮರಳುವುದು ಖಂಡಿತ, ಆದ್ದರಿಂದ ವಿಡಿಯೊ ಮೂಲಕ ಹೇಳಿಕೆ ಕೊಡಿಸಿದ ಅನುಭವ ಉಂಟಾ ಎಂದು ಕೇಳಿ. ಅಮ್ಮನಿಗೆ ತುಳುವೇ ಸಲೀಸಾದರೆ ತುಳು ಬಲ್ಲ ದುಭಾಷಿ ಬೇಕೆಂದು ಮೊದಲೇ ಹೇಳಿಡಿ, ಹುಡುಕಲು ಸಮಯ ಹಿಡಿಯುತ್ತದೆ. ಮಣಿಪಾಲದಲ್ಲೋ ಮಂಗಳೂರಲ್ಲೋ ಚಿಕಿತ್ಸೆ ಮುಂದುವರಿದರೆ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ಫಿಸಿಯೊಥೆರಪಿಯ ಬಿಲ್ಲು ಎಲ್ಲವನ್ನೂ ತೆಗೆದಿಟ್ಟು ವಕೀಲರಿಗೆ ಕಳಿಸುತ್ತಿರಿ.

ವಕೀಲರು ಸರಿಬರದಿದ್ದರೆ ಮಧ್ಯದಲ್ಲೇ ಬದಲಿಸಬಹುದು; ಹಳಬರು ಮಾಡಿದ ಕೆಲಸದ ಫೀಸು ಸಾಮಾನ್ಯವಾಗಿ ಕೊನೆಗೆ ವಕೀಲರಿಗೆ ಸಿಗುವ ಅದೇ ಪಾಲಿನಲ್ಲಿ ಹಂಚಿಹೋಗುತ್ತದೆ. ಹಣ ಬಂದ ದಿನ ಫೀಸು, ಖರ್ಚು, ಆಸ್ಪತ್ರೆಯ ಬಾಕಿ, ನಿಮ್ಮ ಪಾಲು ಎಂದು ಸಾಲುಸಾಲಾಗಿ ಬರೆದ ಲೆಕ್ಕ ಕೇಳಿ ಪಡೆಯಿರಿ, ಕರಾರಿನ ಪ್ರತಿಯ ಜೊತೆ ತಾಳೆ ನೋಡಿದ ಮೇಲೆಯೇ ಸಹಿ ಹಾಕಿ.