ಡ್ರಾಫ್ಟ್‌ನಲ್ಲಿ ಪ್ರತಿಭೆಗೆಷ್ಟು ತೂಕ, ಹೊಂದಾಣಿಕೆಗೆಷ್ಟು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಆಟಗಾರರನ್ನು ಅಳೆಯುವಾಗ ಮೊದಲು ಪ್ರತಿಭೆ ನೋಡಬೇಕು, ತಂಡದೊಂದಿಗಿನ ಹೊಂದಾಣಿಕೆ ಆಮೇಲೆ. ಎರಡನ್ನೂ ಒಂದೇ ಅಂಕದಲ್ಲಿ ಬೆರೆಸಿದರೆ ‘ನಮಗೊಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಬೇಕು’ ಎಂಬ ಹಂಬಲ ಸದ್ದಿಲ್ಲದೆ ಸೆಂಟರ್‌ಗಳ ಅಂಕವನ್ನೆಲ್ಲ ಮೇಲೇರಿಸುತ್ತದೆ. ಹಾಗಾಗಿ ಮೊದಲ ಪಟ್ಟಿ ಬರೆಯುವಾಗ ತಂಡದಲ್ಲಿ ಈಗ ಯಾರಿದ್ದಾರೆ ಎಂಬುದನ್ನು ಪಕ್ಕಕ್ಕಿಡಿ.

ಪಟ್ಟಿಯನ್ನು 1ರಿಂದ 60ರವರೆಗೆ ಸಾಲಾಗಿ ಬರೆಯುವ ಬದಲು ಗುಂಪುಗಳಾಗಿ ಒಡೆಯಿರಿ. ಇಡೀ ತಂಡದ ಭಾರ ಹೊರಬಲ್ಲವರು, ವರ್ಷಗಟ್ಟಲೆ ಮೊದಲ ಐವರಲ್ಲಿ ಆಡಬಲ್ಲವರು, ಬೆಂಚಿನಿಂದ ಬಂದು ಒಂದು ಕೆಲಸ ಚೆನ್ನಾಗಿ ಮಾಡುವವರು, ಬೆಳೆದರೆ ಬೆಳೆದಾರು ಎನ್ನುವಂಥವರು. ಇಷ್ಟು ಸಾಕು. ಮೊದಲ ಗುಂಪಿಗೆ ಕೆಲವು ವರ್ಷ ಯಾರೂ ಸಿಗುವುದಿಲ್ಲ. ಖಾಲಿ ಬಿಡಿ, ತುಂಬಿಸಲೆಂದು ಯಾರನ್ನೂ ಮೇಲಕ್ಕೆ ತಳ್ಳಬೇಡಿ. ಹೊಂದಾಣಿಕೆಯ ವಾದ ನಡೆಯಬೇಕಾದ್ದು ಒಂದೇ ಗುಂಪಿನ ಇಬ್ಬರ ನಡುವೆ ಮಾತ್ರ.

ಗುಂಪು ಮಾಡುವಾಗ ಹೆಚ್ಚು ಎಡವುವುದು ಶೂಟಿಂಗ್ ಲೆಕ್ಕದಲ್ಲಿ. ಕಾಲೇಜಿನ ಒಂದು ಋತುವಿನಲ್ಲಿ ಹುಡುಗ 100 ತ್ರೀ-ಪಾಯಿಂಟ್ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಅಂಕದ ಎಸೆತ) ಎಸೆದು 40 ಹಾಕಿದ್ದಾನೆ ಎಂದುಕೊಳ್ಳಿ. ಅಷ್ಟು ಕಡಿಮೆ ಎಸೆತಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಅವನ ನಿಜವಾದ ಮಟ್ಟ ಶೇ 30ರಿಂದ 50ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಸಾಲದ್ದಕ್ಕೆ ಕಾಲೇಜಿನ ಗೆರೆ 22 ಅಡಿ ಚಿಲ್ಲರೆ ದೂರದಲ್ಲಿದ್ದರೆ ಎನ್‌ಬಿಎ ಗೆರೆ ಮೂಲೆಗಳನ್ನು ಬಿಟ್ಟು ಉಳಿದೆಡೆ 23 ಅಡಿ 9 ಇಂಚು. ಆದ್ದರಿಂದ ಆ ಒಂದು ಶೇಕಡಾವಾರನ್ನೇ ನಂಬದೆ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ಅಡ್ಡ ಬರದ ಎಸೆತ) ಶೇಕಡಾವಾರು ಮತ್ತು ಎಸೆತಗಳ ಸಂಖ್ಯೆಯನ್ನೂ ಜೊತೆಗಿಟ್ಟು ನೋಡಿ. ಫ್ರೀ ಥ್ರೋ ಶೇ 60ರ ಆಸುಪಾಸಿನಲ್ಲಿದ್ದು ತ್ರೀ-ಪಾಯಿಂಟ್ ಮಾತ್ರ ಶೇ 40 ಇದ್ದರೆ ಅನುಮಾನ ಪಡಲೇಬೇಕು. ವಯಸ್ಸನ್ನೂ ಮರೆಯಬೇಡಿ: ಒಂದೇ ಅಂಕಿ-ಅಂಶ 19ರ ಹುಡುಗನಲ್ಲಿ ಹೇಳುವುದೇ ಬೇರೆ, 22ರವನಲ್ಲಿ ಹೇಳುವುದೇ ಬೇರೆ.

ಇನ್ನು ಹೊಂದಾಣಿಕೆ. ಇದರಲ್ಲಿ ಎರಡು ಬಗೆಯಿದೆ, ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ದೊಡ್ಡ ತಪ್ಪುಗಳಾಗುತ್ತವೆ. ಮೊದಲನೆಯದು ಜಾಗದ ಪ್ರಶ್ನೆ: ಆ ಸ್ಥಾನದಲ್ಲಿ ಆಗಲೇ ಒಬ್ಬನಿದ್ದಾನೆಯೇ? ಇದರ ಆಯುಷ್ಯ ಬಹಳ ಕಡಿಮೆ. ಮೊದಲ ಸುತ್ತಿನ ಆಯ್ಕೆಯ ಒಪ್ಪಂದದಲ್ಲಿ ಎರಡು ವರ್ಷ ಖಚಿತ, ಇನ್ನೆರಡು ತಂಡದ ಇಚ್ಛೆ. ಆ ನಾಲ್ಕು ವರ್ಷ ಮುಗಿಯುವಷ್ಟರಲ್ಲಿ ಇವತ್ತಿನ ಐವರಲ್ಲಿ ಎಷ್ಟು ಜನ ಉಳಿದಿರುತ್ತಾರೆ? 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡದ ಬಳಿ ಮೈಕೆಲ್ ಜೋರ್ಡನ್ ಆಡುವ ಸ್ಥಾನದಲ್ಲೇ ಕ್ಲೈಡ್ ಡ್ರೆಕ್ಸ್ಲರ್ ಇದ್ದರು, ಬೇಕಿದ್ದುದು ಸೆಂಟರ್. ಕಾಲಿನ ಗಾಯದಿಂದ ಕಾಲೇಜಿನ ಎರಡು ಋತು ಕಳೆದುಕೊಂಡಿದ್ದ ಸ್ಯಾಮ್ ಬೋವಿಯನ್ನು ಎರಡನೆಯ ಆಯ್ಕೆಯಲ್ಲಿ ಕರೆದರು. ಮೂರನೆಯದರಲ್ಲಿ ಜೋರ್ಡನ್ ಶಿಕಾಗೊ ಪಾಲಾದರು. ‘ಬೇಕು’ ಎನ್ನುವ ಒತ್ತಡ ಹೆಚ್ಚಾದಷ್ಟೂ ವೈದ್ಯಕೀಯ ವರದಿ ಓದುವ ಕಣ್ಣು ಸಡಿಲವಾಗುತ್ತದೆ. ನಿಮಗೆ ತುರ್ತಾಗಿ ಬೇಕಿರುವ ಸ್ಥಾನದ ಆಟಗಾರನ ವರದಿಯನ್ನು ಎರಡು ಬಾರಿ ಓದಿ.

ಸ್ಯಾಕ್ರಮೆಂಟೊ ತಂಡದ ಉದಾಹರಣೆ ಇನ್ನೂ ಸ್ಪಷ್ಟ. 2018ರಲ್ಲಿ ಗಾರ್ಡ್ (ಚೆಂಡು ಹಿಡಿದು ಆಟ ನಡೆಸುವ ಆಟಗಾರ) ಡಿಆರನ್ ಫಾಕ್ಸ್ ತಂಡದಲ್ಲಿದ್ದಾಗ ಎರಡನೆಯ ಆಯ್ಕೆಯಲ್ಲಿ, ಚೆಂಡು ಹಿಡಿದೇ ಆಡುವ ಲೂಕಾ ಡಾನ್ಚಿಚ್‌ರನ್ನು ಬಿಟ್ಟು ಬುಟ್ಟಿಯ ಬಳಿ ಆಡುವ ಮಾರ್ವಿನ್ ಬ್ಯಾಗ್ಲಿಯನ್ನು ತೆಗೆದುಕೊಂಡಿತು. 2020ರಲ್ಲಿ ಫಾಕ್ಸ್ ಇದ್ದರೂ 12ನೆಯ ಆಯ್ಕೆಯಲ್ಲಿ ಇನ್ನೊಬ್ಬ ಗಾರ್ಡ್ ಟೈರೀಸ್ ಹ್ಯಾಲಿಬರ್ಟನ್‌ರನ್ನು ತೆಗೆದುಕೊಂಡು, 2022ರ ಫೆಬ್ರುವರಿಯಲ್ಲಿ ಅವರನ್ನು ಇಂಡಿಯಾನಾಕ್ಕೆ ಕೊಟ್ಟು ಸೆಂಟರ್ ಡೊಮಾಂಟಸ್ ಸಬೋನಿಸ್‌ರನ್ನು ಪಡೆಯಿತು. 2006ರ ನಂತರ ಮೊದಲ ಬಾರಿಗೆ 2023ರಲ್ಲಿ ಪ್ಲೇಆಫ್ (ಋತುವಿನ ಕೊನೆಗೆ ಪ್ರಶಸ್ತಿಗಾಗಿ ನಡೆಯುವ ಸುತ್ತು) ಕಂಡಿತು. ಜಾಗ ಇಲ್ಲದಿದ್ದರೂ ಪ್ರತಿಭೆಗೆ ಬೆಲೆ ಉಳಿಯುತ್ತದೆ.

ಎರಡನೆಯ ಬಗೆ ಆಟದ ಹೊಂದಾಣಿಕೆ: ಚೆಂಡು ಕೈಯಲ್ಲಿಲ್ಲದಾಗ ಇವನಿಂದ ಏನು ಪ್ರಯೋಜನ? ಇದು ತಂಡ ಬದಲಾದರೂ ಬದಲಾಗದ ಗುಣ, ಹಾಗಾಗಿ ಪ್ರತಿಭೆಯ ಭಾಗವೆಂದೇ ಎಣಿಸಿ. ಮೂರು ಪೂರ್ತಿ ಪಂದ್ಯಗಳನ್ನು ಹಾಕಿಕೊಳ್ಳಿ. ಒಂದು ಬಲವಾದ ಎದುರಾಳಿಯ ಮೇಲೆ ಆಡಿದ್ದು, ಒಂದು ಅವನ ಶೂಟಿಂಗ್ ಕೈಕೊಟ್ಟ ದಿನದ್ದು ಇರಲಿ. ಅವನು ಚೆಂಡನ್ನೇ ಮುಟ್ಟದ 20 ದಾಳಿಗಳನ್ನು ಆರಿಸಿ ಬರೆದುಕೊಳ್ಳಿ: ಜಾಗ ಬದಲಿಸಿದನೇ, ಸ್ಕ್ರೀನ್ ಕೊಟ್ಟನೇ (ಎದುರಾಳಿಗೆ ಅಡ್ಡ ನಿಂತು ಜೊತೆಗಾರನಿಗೆ ದಾರಿ ಮಾಡಿಕೊಟ್ಟನೇ), ಎದುರಾಳಿ ಅವನನ್ನು ಬಿಟ್ಟು ಬುಟ್ಟಿಯ ಕಡೆ ಸರಿದನೇ? ಕೊನೆಯದು ಪದೇಪದೇ ಕಂಡರೆ ಉಳಿದ ನಾಲ್ವರ ದಾರಿಗೂ ಅವನು ಅಡ್ಡ. 2015ರಲ್ಲಿ ನೆರ್ಲೆನ್ಸ್ ನೊಯೆಲ್, ಜೊಯೆಲ್ ಎಂಬೀಡ್ ಎಂಬ ಇಬ್ಬರು ಸೆಂಟರ್‌ಗಳು ಇರುವಾಗಲೇ ಫಿಲಡೆಲ್ಫಿಯಾ ಮೂರನೆಯ ಆಯ್ಕೆಯಲ್ಲಿ ಇನ್ನೊಬ್ಬ ಸೆಂಟರ್ ಜಹ್ಲಿಲ್ ಓಕಾಫರ್‌ರನ್ನು ತೆಗೆದುಕೊಂಡಿತು. ಮೊದಲ ಋತುವಿನಲ್ಲಿ ಪಂದ್ಯಕ್ಕೆ 17.5 ಅಂಕ ಗಳಿಸಿದರೂ ದೂರದಿಂದ ಎಸೆತವಿಲ್ಲ, ಡಿಫೆನ್ಸ್ ದುರ್ಬಲ. 2017ರ ಡಿಸೆಂಬರ್‌ನಲ್ಲಿ ಅವರನ್ನು ಬ್ರೂಕ್ಲಿನ್‌ಗೆ ಕಳಿಸಬೇಕಾಯಿತು. ಸ್ಯಾಕ್ರಮೆಂಟೊ ಮಾಡಿದ್ದು ಇಲ್ಲಿ ಆಗದಿದ್ದುದಕ್ಕೆ ಕಾರಣ ಇದೇ: ಹ್ಯಾಲಿಬರ್ಟನ್ ಯಾರ ಪಕ್ಕದಲ್ಲಾದರೂ ಆಡಬಲ್ಲವರು.

ಆಯ್ಕೆಯ ಸ್ಥಾನ ಕೆಳಗಿಳಿದಂತೆ ಜಾಗದ ಪ್ರಶ್ನೆಗೂ ತೂಕ ಬರುತ್ತದೆ. ಮೊದಲ ಐದರಲ್ಲಿ ಅದು ಸಮಬಲ ಮುರಿಯಲಷ್ಟೇ. 20ರ ಆಚೆ, ಅದರಲ್ಲೂ ಪ್ರಶಸ್ತಿಗೆ ಆಡುವ ತಂಡದಲ್ಲಿ, ಹುಡುಗನಿಗೆ ಸಿಗುವ ನಿಮಿಷಗಳೇ ಕಡಿಮೆ. ಬಂದ ದಿನವೇ ಮಾಡಬಲ್ಲ ಒಂದು ಕೆಲಸ ಗೊತ್ತಿರಬೇಕು.

ಡ್ರಾಫ್ಟ್ ರಾತ್ರಿ ಗುಂಪಿನ ಗೆರೆ ಅಳಿಸಬೇಡಿ. ಎದುರಾಳಿಯಿಲ್ಲದ ಖಾಸಗಿ ವರ್ಕೌಟ್‌ನಲ್ಲಿ ಮಿಂಚಿದ ಎಂಬ ಕಾರಣಕ್ಕಂತೂ ಯಾರನ್ನೂ ಗುಂಪು ದಾಟಿಸಬೇಡಿ. ನಿಮ್ಮ ಸರದಿ ಬಂದಾಗ ಒಂದೇ ಗುಂಪಿನ ನಾಲ್ವರು ಉಳಿದಿದ್ದು, ಅವರಲ್ಲಿ ಯಾರಾದರೂ ಸರಿ ಎನಿಸಿದರೆ, ಬೇರೆ ತಂಡದೊಂದಿಗೆ ಸರದಿ ಬದಲಿಸಿಕೊಂಡು ಮೂರು ಸ್ಥಾನ ಕೆಳಗಿಳಿಯುವ ಟ್ರೇಡ್ ಕೇಳಿ. ಅವರಲ್ಲೊಬ್ಬ ಸಿಕ್ಕೇ ಸಿಗುತ್ತಾನೆ, ಜೊತೆಗೆ ಇನ್ನೊಂದು ಆಯ್ಕೆಯೂ ಕೈಸೇರಬಹುದು.