ಮಕ್ಕಳಿಗೆ ಒಂದೇ ದಿನದಲ್ಲಿ ಚಾಲುಕ್ಯ ಅರಸರನ್ನು ತೋರಿಸೋದು ಹೇಗೆ

ದೀಪಾವಳಿ ರಜೆಗೆ ಗುಳೇದಗುಡ್ಡಕ್ಕೆ ಬರುವ ಅಕ್ಕನ ಮಕ್ಕಳನ್ನು ಪ್ರತಿ ವರ್ಷ ಬಾದಾಮಿಗೆ ಕರೆದೊಯ್ಯುತ್ತೇನೆ. ಮೊದಲ ಸಲ ದಾರಿಗೆ ಸಿಕ್ಕಂತೆ ತೋರಿಸಿದ್ದೆ. ಸಂಜೆ ಕೇಳಿದರೆ ಒಬ್ಬ ಅರಸನ ಹೆಸರೂ ಅವರ ಬಾಯಲ್ಲಿ ಇರಲಿಲ್ಲ. ಈಗ ಅರಸರು ಆಳಿದ ಕ್ರಮದಲ್ಲೇ ಊರು ಸುತ್ತುತ್ತೇವೆ.

ಬಿಸಿಲೇರುವ ಮೊದಲೇ ಬಾದಾಮಿ ಮುಟ್ಟಿ. ಅಗಸ್ತ್ಯ ತೀರ್ಥದ ದಂಡೆಗೆ ನಿಂತು ಉತ್ತರದ ಬಂಡೆ ತೋರಿಸಿ. ಒಂದನೆಯ ಪುಲಿಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿದೆ: ಶಕ 465, ಅಂದರೆ ಕ್ರಿ.ಶ. 543. ಮುಂದೆ ಮೂರನೆಯ ಗುಹೆ. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ, 578ರಲ್ಲಿ, ತಮ್ಮ ಮಂಗಳೇಶ ಅದನ್ನು ವಿಷ್ಣುವಿಗೆ ಒಪ್ಪಿಸಿದ. ಅಲ್ಲಿಯ ಕನ್ನಡ ಶಾಸನ ಗುಹೆಯನ್ನು ‘ಕಲ್ಮನೆ’ ಅನ್ನುತ್ತದೆ, ಮಾಲೆ ಕಟ್ಟುವವರನ್ನೂ ನೆನೆಯುತ್ತದೆ. ಆ ಪದ ಹೇಳಿ ಸುಮ್ಮನಿರಿ. ಕಲ್ಲಿನ ಮನೆ ಅಂತ ಮಕ್ಕಳೇ ಬಿಡಿಸುತ್ತಾರೆ.

ಐಹೊಳೆಗೆ ಹೋಗುವಾಗ ಪಟ್ಟದಕಲ್ಲು ಮೊದಲು ಸಿಗುತ್ತದೆ. ಇಳಿಯಬೇಡಿ, ಅದು ನಂತರದ ಅರಸರದು. ಮಕ್ಕಳು ಹಟ ಮಾಡಿದರೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ.

ಐಹೊಳೆಯಲ್ಲಿ ನೇರ ಗುಡ್ಡದ ಮೇಲಿನ ಜೈನ ಬಸದಿ ಮೇಗುಡಿಗೆ ಹತ್ತಿ. ಪೂರ್ವದ ಹೊರಗೋಡೆಯಲ್ಲಿ 634ರ ಶಾಸನವಿದೆ, ಬರೆದವನು ರವಿಕೀರ್ತಿ. ಮಧ್ಯಾಹ್ನ ಆ ಗೋಡೆಗೆ ನೆರಳು ಬಂದಿರುತ್ತದೆ. ಮೊಬೈಲ್ ಟಾರ್ಚನ್ನು ಎದುರಿಗೆ ಹಿಡಿಯದೆ ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಬಿಡಿ. ಪ್ರತಿ ಅಕ್ಷರದ ಕುಳಿಯಲ್ಲೂ ನೆರಳು ತುಂಬಿ ಸಾಲು ಎದ್ದು ಕಾಣುತ್ತದೆ. ಸುಣ್ಣ, ನೀರು, ಎಣ್ಣೆ ಏನನ್ನೂ ಹಚ್ಚಬೇಡಿ, ಬೆರಳನ್ನೂ ಆಡಿಸಬೇಡಿ. ಆ ಅಂಚು ಸವೆದರೆ ಮತ್ತೆ ಕೆತ್ತುವವರಿಲ್ಲ. ಯುದ್ಧದಲ್ಲಿ ಆನೆಗಳು ಬಿದ್ದವು, ಹರ್ಷನ ಹರ್ಷವೇ ಹೋಯಿತು ಅಂತ ಕವಿ ಇಮ್ಮಡಿ ಪುಲಿಕೇಶಿಯನ್ನು ಹೊಗಳುತ್ತಾನೆ. ನಮ್ಮ ಹುಡುಗರು ಇದನ್ನು ಮನೆ ತಲುಪುವವರೆಗೆ ಹೇಳುತ್ತಿದ್ದರು.

642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿ ಗೆದ್ದ ಕಥೆ ಮರಳುವ ದಾರಿಗೆ ಇರಲಿ. ಅದು ಗೊತ್ತಿದ್ದರೇ ಪಟ್ಟದಕಲ್ಲು ಅರ್ಥವಾಗುವುದು. ವಿಜಯಾದಿತ್ಯನ ಸಂಗಮೇಶ್ವರ ಬೇಗ ನೋಡಿ ಮುಗಿಸಿ, ವಿರೂಪಾಕ್ಷನ ಮುಂದೆ ಕೂರಿಸಿ. ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದ. ಆದರೆ ಅಲ್ಲಿಯ ರಾಜಸಿಂಹೇಶ್ವರನ (ಇಂದಿನ ಕೈಲಾಸನಾಥ ಗುಡಿ) ಸಂಪತ್ತನ್ನು ದೇವರಿಗೇ ಬಿಟ್ಟು, ಅದನ್ನು ಆ ಗುಡಿಯಲ್ಲೇ ಕನ್ನಡದಲ್ಲಿ ಬರೆಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಕಟ್ಟಿಸಿದಳು, ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದ ಮಲ್ಲಿಕಾರ್ಜುನ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಒಳಗೆ ಹೋಗಿ ಕೈ ಮುಗಿದು ಬನ್ನಿ.