ಕ್ಯೂಎಮು ಒಳಗೆ ಪರ್ಸಿಸ್ಟೆಂಟ್ ಮೆಮೊರಿ ಕೂರಿಸುವುದು

ಇಂಟೆಲ್ 2022ರಲ್ಲಿ ತನ್ನ ಆಪ್ಟೇನ್ ಮೆಮೊರಿ ನಿಲ್ಲಿಸುವುದಾಗಿ ಹೇಳಿದ ಮೇಲೆ, ಪರ್ಸಿಸ್ಟೆಂಟ್ ಮೆಮೊರಿ (ಕರೆಂಟ್ ಹೋದರೂ ಡೇಟಾ ಉಳಿಸುವ ಮೆಮೊರಿ) ಕಲಿಯುವವರ ಕೈಗೆ ಅಸಲಿ ಮಾಡ್ಯೂಲ್ ಸಿಗುವುದು ಕಷ್ಟ. ನಮ್ಮ ಟೀಮಿಗೆ ಹೊಸಬರು ಬಂದರೆ ನಾನು ಅವರ ಲ್ಯಾಪ್‌ಟಾಪಿನಲ್ಲೇ ಕ್ಯೂಎಮು (ಕಂಪ್ಯೂಟರ್ ಒಳಗೆ ಇನ್ನೊಂದು ವರ್ಚುವಲ್ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿಸುತ್ತೇನೆ. 2016ರ 2.6 ಆವೃತ್ತಿಯಿಂದಲೇ ಅದರಲ್ಲಿ ವರ್ಚುವಲ್ ಎನ್‌ವಿಡಿಮ್, ಅಂದರೆ ಸಾಫ್ಟ್‌ವೇರ್ ಅನುಕರಿಸುವ ಪರ್ಸಿಸ್ಟೆಂಟ್ ಮೆಮೊರಿ ಮಾಡ್ಯೂಲ್, ಇದೆ.

ಮೊದಲು ಮಷೀನ್ ಆಯ್ಕೆಯಲ್ಲಿ ಎನ್‌ವಿಡಿಮ್ ಆನ್ ಮಾಡಿ. ಆಮೇಲೆ ಮೆಮೊರಿ ಲೆಕ್ಕ. ಗೆಸ್ಟ್‌ಗೆ (ಒಳಗೆ ನಡೆಯುವ ವರ್ಚುವಲ್ ಕಂಪ್ಯೂಟರಿಗೆ) 4 ಜಿಬಿ ರ‍್ಯಾಮ್, 2 ಜಿಬಿ ಎನ್‌ವಿಡಿಮ್ ಕೊಡುವುದಾದರೆ ಮ್ಯಾಕ್ಸ್‌ಮೆಮ್ (ಒಟ್ಟು ಮೆಮೊರಿಯ ಮಿತಿ) 6 ಜಿಬಿಗಿಂತ ಕಡಿಮೆ ಇರಬಾರದು. ನಾನು 8 ಇಡುತ್ತೇನೆ, ಸ್ಲಾಟ್ (ಮೆಮೊರಿ ಮಾಡ್ಯೂಲ್ ಕೂರಿಸುವ ಜಾಗ) 2. ಮುಂದೆ ಫೈಲ್ ಬ್ಯಾಕೆಂಡ್ (ಎನ್‌ವಿಡಿಮ್‌ನ ಡೇಟಾ ಇಡಲು ಹೋಸ್ಟ್‌ನಲ್ಲಿ, ಅಂದರೆ ನಿಮ್ಮ ಅಸಲಿ ಕಂಪ್ಯೂಟರಿನಲ್ಲಿ, ಇರುವ ಫೈಲ್) ಒಂದನ್ನು ಮಾಡಿ ಅದಕ್ಕೊಂದು ಐಡಿ ಕೊಡಿ. ಎನ್‌ವಿಡಿಮ್ ಡಿವೈಸ್‌ಗೆ ಅದೇ ಐಡಿ ತೋರಿಸಿ.

ಬ್ಯಾಕೆಂಡ್‌ನಲ್ಲಿ ಶೇರ್ ಆನ್ ಇರಲೇಬೇಕು. ಆಫ್ ಇದ್ದರೆ ಗೆಸ್ಟ್ ಬರೆದದ್ದೆಲ್ಲ ಕ್ಯೂಎಮುವಿನ ಖಾಸಗಿ ಪ್ರತಿಗೆ ಹೋಗುತ್ತದೆ, ಫೈಲಿಗೆ ಮುಟ್ಟುವುದೇ ಇಲ್ಲ. ಗೆಸ್ಟ್ ಒಳಗಿಂದ ರೀಬೂಟ್ ಮಾಡಿ ನೋಡಿದರೆ ಇದು ಗೊತ್ತಾಗುವುದಿಲ್ಲ! ಪ್ರೋಸೆಸ್ ಇನ್ನೂ ಬದುಕಿರುತ್ತದಲ್ವಾ, ಡೇಟಾ ಹಾಗೇ ಕಾಣುತ್ತದೆ. ಕ್ಯೂಎಮುವನ್ನೇ ಪೂರ್ತಿ ಮುಚ್ಚಿ, ಮತ್ತೆ ಶುರು ಮಾಡಿ ನೋಡಿ.

ಗೆಸ್ಟ್ ಲಿನಕ್ಸ್‌ನಲ್ಲಿ ಪಿಮೆಮ್0 ಎಂಬ ಡಿವೈಸ್ ಕಾಣಬೇಕು. ಎನ್‌ಡಿಸಿಟಿಎಲ್ ಎಂಬ ಕಮಾಂಡ್‌ನಿಂದ ಆ ನೇಮ್‌ಸ್ಪೇಸನ್ನು (ಮಾಡ್ಯೂಲ್‌ನಲ್ಲಿ ಡಿಸ್ಕಿನ ಪಾರ್ಟಿಶನ್‌ನಂಥ ಭಾಗವನ್ನು) ಎಫ್‌ಎಸ್‌ಡಾಕ್ಸ್ ಮೋಡ್‌ಗೆ ಬದಲಿಸಿ. ಡಾಕ್ಸ್ ಅಂದರೆ ಪೇಜ್ ಕ್ಯಾಶ್ ನಡುವೆ ಇಲ್ಲದೆ ಮೆಮೊರಿಯನ್ನು ನೇರವಾಗಿ ಮುಟ್ಟುವುದು. ಫೋರ್ಸ್ ಆಯ್ಕೆ ಬೇಕಾಗುತ್ತದೆ, ಒಳಗಿದ್ದದ್ದು ಅಳಿಸಿಹೋಗುತ್ತದೆ. ಅದರ ಮೇಲೆ ಎಕ್ಸ್ಟ್4 ಫೈಲ್ ಸಿಸ್ಟಮ್ ಹಾಕಿ, ಡಾಕ್ಸ್ ಆಯ್ಕೆಯೊಂದಿಗೆ ಮೌಂಟ್ ಮಾಡಿ. ಒಂದಕ್ಕಿಂತ ಜಾಸ್ತಿ ನೇಮ್‌ಸ್ಪೇಸ್ ಬೇಕಿದ್ದರೆ ಡಿವೈಸ್‌ಗೆ ಲೇಬಲ್ ಜಾಗ (ನೇಮ್‌ಸ್ಪೇಸ್‌ಗಳ ವಿವರ ಬರೆದಿಡುವ ಜಾಗ) ಕೊಡಿ, ಕನಿಷ್ಠ 128 ಕೆಬಿ. ಅದು ಬ್ಯಾಕೆಂಡ್‌ನ ಕೊನೆಯಿಂದ ಹೋಗುತ್ತದೆ.

ಇಷ್ಟಾದ ಮೇಲೂ ಒಂದು ವಿಷಯ ನಾನು ಒತ್ತಿ ಹೇಳುತ್ತೇನೆ. ಬ್ಯಾಕೆಂಡ್ ಮಾಮೂಲಿ ಎಸ್‌ಎಸ್‌ಡಿ ಮೇಲಿನ ಫೈಲ್ ಆಗಿದ್ದರೆ, ಗೆಸ್ಟ್ ಸಿಪಿಯು ಕ್ಯಾಶ್ ಫ್ಲಶ್ ಮಾಡಿದಾಗ ಡೇಟಾ ಹೋಸ್ಟ್‌ನ ಪೇಜ್ ಕ್ಯಾಶ್‌ವರೆಗೆ (ಡಿಸ್ಕಿಗೆ ಹೋಗುವ ಮೊದಲು ರ‍್ಯಾಮ್‌ನಲ್ಲಿ ನಿಲ್ಲುವ ಜಾಗದವರೆಗೆ) ಮಾತ್ರ ಬಂದಿರುತ್ತದೆ. ಆ ಹೊತ್ತಿಗೆ ಹೋಸ್ಟ್‌ನ ಕರೆಂಟ್ ಹೋದರೆ ಡೇಟಾ ಉಳಿಯುತ್ತದೆಂಬ ಖಾತ್ರಿ ಇಲ್ಲ. ಬ್ಯಾಕೆಂಡ್‌ನ ಪಿಮೆಮ್ ಆಯ್ಕೆ ಆನ್ ಮಾಡಿದರೂ ಅದು ಅಸಲಿ ಪರ್ಸಿಸ್ಟೆಂಟ್ ಮೆಮೊರಿ ಇರುವ ಹೋಸ್ಟ್‌ಗೆ ಮಾತ್ರ ಸರಿ.

ಮಾಮೂಲಿ ಡಿಸ್ಕ್ ಮೇಲೆ ಉಳಿಯಲೇಬೇಕಾದ ಡೇಟಾ ಇದ್ದರೆ ವರ್ಟಿಯೊ-ಪಿಮೆಮ್ ಎಂಬ ಇನ್ನೊಂದು ಬಗೆಯ ವರ್ಚುವಲ್ ಡಿವೈಸ್ ಬಳಸಿ. ಅದಕ್ಕೆ ಕ್ಯೂಎಮು 4.1, ಗೆಸ್ಟ್‌ನಲ್ಲಿ ಲಿನಕ್ಸ್ 5.3 ಅಥವಾ ನಂತರದ್ದು ಬೇಕು. ಇಲ್ಲಿ ಗೆಸ್ಟ್‌ನ ಫ್ಲಶ್ ಕೋರಿಕೆ ಹೋಸ್ಟ್‌ಗೆ ಹೋಗಿ, ಅಲ್ಲಿ ಫೈಲ್ ನಿಜಕ್ಕೂ ಡಿಸ್ಕಿಗೆ ಸಿಂಕ್ ಆಗುತ್ತದೆ. ಆದರೆ ಮ್ಯಾಪ್ ಸಿಂಕ್ (ಬರೀ ಕ್ಯಾಶ್ ಫ್ಲಶ್‌ನಿಂದಲೇ ಡೇಟಾ ಉಳಿಯುವಂತೆ ಫೈಲ್ ಮ್ಯಾಪ್ ಮಾಡುವ ಆಯ್ಕೆ) ಇದರಲ್ಲಿ ನಡೆಯುವುದಿಲ್ಲ. ಸುಮ್ನೆ ಸಿಪಿಯು ಕ್ಯಾಶ್ ಫ್ಲಶ್ ಮಾಡಿದರೆ ಸಾಲದು, ನಿಮ್ಮ ಪ್ರೋಗ್ರಾಮ್ ಎಫ್‌ಸಿಂಕ್ ಅಥವಾ ಎಂಸಿಂಕ್ ಕರೆಯಲೇಬೇಕು.